ಬೀಡಿ, ಸಿಗರೇಟ್ ಬಿಡಲು ಕಿವಿಸೂಜಿ: ಮೊದಲ ಎರಡು ವಾರ ದಾಟುವ ದಾರಿ

“ಮೇಡಮ್ರೀ, ಒಂದ್ ಸೂಜಿ ಚುಚ್ಚಿ ಇದನ್ನ ಬಿಡಿಸಿಬಿಡ್ರಿ.” ಬೀಡಿ, ಸಿಗರೇಟ್ ಬಿಡಬೇಕು ಅಂತ ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಮೊದಲ ಮಾತು ಇದೇ. ನಾನು ಕಲಬುರಗಿಯಲ್ಲಿ ಪ್ರಕೃತಿ ಚಿಕಿತ್ಸೆಯ ವೈದ್ಯೆ. ಅದರ ಪದವಿ ಬಿಎನ್‌ವೈಎಸ್ ಓದುವಾಗಲೇ ಅಕ್ಯುಪಂಕ್ಚರ್, ಅಂದರೆ ಸೂಜಿ ಚಿಕಿತ್ಸೆ, ಕಲಿತೆ. ಬೇಳೆ ಮಿಲ್ಲಿನ ಹಮಾಲರು, ಲಾರಿ ಡ್ರೈವರ್‌ಗಳು, ಶಹಾಬಾದ್ ಕಡೆ ಕಲ್ಲಿನ ಕೆಲಸ ಮಾಡುವವರು, ಮಾಸ್ತರರು, ಕಾಲೇಜು ಹುಡುಗರು, ಎಲ್ಲರೂ ಬರುತ್ತಾರೆ. ಅವರನ್ನು ಎದುರು ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀವು ಯಾರ ಹತ್ತಿರವೇ ಸೂಜಿ ಹಾಕಿಸಿಕೊಳ್ಳಿ, ಹೋಗುವ ಮೊದಲು ಇದನ್ನೊಮ್ಮೆ ಓದಿಕೊಳ್ಳಿ.

ಒಂದೇ ಸೂಜಿಗೆ ಯಾರ ಚಟವೂ ಬಿಡುವುದಿಲ್ಲ. ಆದರೆ ಬಿಡಬೇಕು ಅಂತ ಹೊರಟವರಿಗೆ ಮೊದಲ ಎರಡು ವಾರ ತುಂಬ ಕಷ್ಟ. ಆ ಎರಡು ವಾರಕ್ಕೆ ಸೂಜಿ ಒಳ್ಳೆಯ ಆಸರೆ. ತುಂಬಿದ ಬಂಡಿ ಏರು ಹತ್ತುವಾಗ ಹಿಂದಿನಿಂದ ಇಬ್ಬರು ಕೈ ಕೊಡುತ್ತಾರಲ್ಲ, ಸೂಜಿಯ ಕೆಲಸ ಅಷ್ಟು. ಎಳೆಯುವುದು ಎತ್ತುಗಳೇ.

ಸೂಜಿಯಿಂದ ಎಷ್ಟು ಆಗುತ್ತದೆ

ಮೊದಲು ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ಒಂದು ದಮ್ಮು ಎಳೆದರೆ 10ರಿಂದ 20 ಸೆಕೆಂಡಿನಲ್ಲಿ ಅದು ಮೆದುಳು ಮುಟ್ಟುತ್ತದೆ. ಸುಮಾರು 2 ಗಂಟೆಯಲ್ಲಿ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿಯುತ್ತಿದ್ದಂತೆ ಮೈ ಮತ್ತೆ ಕೇಳುತ್ತದೆ. ಗಂಟೆಗೊಮ್ಮೆ ಕೈ ಜೇಬಿಗೆ ಹೋಗುವುದು ಅದಕ್ಕೇ. ಪೂರ್ತಿ ನಿಲ್ಲಿಸಿದರೆ ಸಿಟ್ಟು, ಚಡಪಡಿಕೆ, ನಿದ್ದೆ ಬಾರದಿರುವುದು, ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಜಾಸ್ತಿ ಹಸಿವು, ಮಲಬದ್ಧತೆ ಶುರುವಾಗುತ್ತವೆ. ಎರಡನೇ, ಮೂರನೇ ದಿನ ಇವು ತುಂಬ ಜೋರು. ಆಮೇಲೆ ನಿಧಾನಕ್ಕೆ ಇಳಿಯುತ್ತಾ ಎರಡರಿಂದ ನಾಲ್ಕು ವಾರದಲ್ಲಿ ಹೆಚ್ಚಿನವರಿಗೆ ಹತೋಟಿಗೆ ಬರುತ್ತವೆ.

ಕಿವಿಗೆ ಸೂಜಿ ಹಾಕಿಸಿಕೊಂಡು ಅರ್ಧ ಗಂಟೆ ಕೂತರೆ ಆ ಚಡಪಡಿಕೆ ತಗ್ಗುತ್ತದೆ ಅಂತ ನನ್ನಲ್ಲಿ ಬಂದವರು ಬಹಳ ಮಂದಿ ಹೇಳುತ್ತಾರೆ. ಕೆಲವರು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾರೆ. ಕಿವಿಯ ನಡುವಿನ ತಗ್ಗಿಗೆ ವೇಗಸ್ ನರದ ಒಂದು ಕವಲು ಬರುತ್ತದೆ. ಎದೆಬಡಿತ, ಉಸಿರು, ಜೀರ್ಣ ಇವೆಲ್ಲ ಆ ನರದ ಕೈಯಲ್ಲಿವೆ. ಸೂಜಿ ಹಾಕಿದಾಗ ಮೈ ಸಡಿಲಾಗುವುದಕ್ಕೆ ಇದೂ ಒಂದು ಕಾರಣ ಇರಬಹುದು ಅನ್ನುತ್ತಾರೆ.

ಇನ್ನೊಂದು ಮಾತನ್ನೂ ನಾನು ಮುಚ್ಚಿಡುವುದಿಲ್ಲ. ಧೂಮಪಾನ ಬಿಡಲು ಅಕ್ಯುಪಂಕ್ಚರ್ ಎಷ್ಟು ನೆರವಾಗುತ್ತದೆ ಅಂತ 38 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಪರಿಶೀಲನೆ 2014ರಲ್ಲಿ ಬಂತು. ಮಾಡಿದ್ದು ಕೊಕ್ರೇನ್, ಚಿಕಿತ್ಸೆಗಳ ಪುರಾವೆ ಒರೆಗೆ ಹಚ್ಚಿ ನೋಡುವ ಸಂಸ್ಥೆ. ಮೊದಮೊದಲು ಸ್ವಲ್ಪ ಅನುಕೂಲ ಇರಬಹುದು, ಆದರೆ ಆರು ತಿಂಗಳು ದಾಟಿದ ಮೇಲೂ ಆ ಲಾಭ ಉಳಿಯುತ್ತದೆ ಅನ್ನಲು ನಂಬುವಂಥ ಪುರಾವೆ ಇಲ್ಲ ಅಂತ ಅದು ಹೇಳಿತು. ಅಗಿಯುವ ನಿಕೋಟಿನ್ ಗಮ್, ಮೈಗೆ ಅಂಟಿಸುವ ಪ್ಯಾಚ್‌ಗಳ ಜೊತೆ ಹೋಲಿಸಿದರೆ ಸೂಜಿ ಹಿಂದೆಯೇ ಉಳಿಯಿತು. ನಾನೇ ಸೂಜಿ ಹಾಕುವವಳು, ಆದರೂ ಇದನ್ನು ಮೊದಲ ದಿನವೇ ಹೇಳಿಬಿಡುತ್ತೇನೆ. ಸೂಜಿ ಒಂದನ್ನೇ ನಂಬಿ ಬಂದವರು ಮೂರನೇ ವಾರದಲ್ಲಿ ಪಾನ್ ಡಬ್ಬಿಯ ಮುಂದೆ ನಿಂತಿದ್ದನ್ನು ನೋಡಿದ್ದೇನೆ. ಸೂಜಿಯ ಜೊತೆ ಗಮ್, ಫೋನ್ ಸಲಹೆ, ಮನೆಯವರ ಬೆಂಬಲ ಮೂರನ್ನೂ ಇಟ್ಟುಕೊಂಡವರು ದಾಟಿದ್ದನ್ನೂ ನೋಡಿದ್ದೇನೆ.

ಇದು ಎಲ್ಲಿಂದ ಬಂತು

“ಇದು ಚೀನಾದವರದ್ದಲ್ರೀ, ನಮಗ ಹೊಂದ್ತದೇನು?” ಅಂತ ಒಬ್ಬ ಅಜ್ಜ ಕೇಳಿದ್ದರು. ಅವರಿಗೆ ಸೊಲ್ಲಾಪುರದ ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಕಥೆ ಹೇಳಿದೆ. ನಮಗೆ ಸೊಲ್ಲಾಪುರ ದೂರವೇನಲ್ಲ, ಬೆಳಿಗ್ಗೆ ರೈಲು ಹತ್ತಿದರೆ ಸಂಜೆಗೆ ವಾಪಸ್ ಬರಬಹುದು. 1938ರಲ್ಲಿ ಯುದ್ಧದ ಗಾಯಾಳುಗಳನ್ನು ನೋಡಿಕೊಳ್ಳಲು ಭಾರತದಿಂದ ಐದು ಜನ ವೈದ್ಯರು ಚೀನಾಕ್ಕೆ ಹೋದರು. ಅದರಲ್ಲಿ ಕೋಟ್ನೀಸರೂ ಇದ್ದರು. 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಅದೇ ತಂಡದಲ್ಲಿದ್ದ ಡಾಕ್ಟರ್ ಬಿಜಯ್ ಕುಮಾರ್ ಬಸು 1950ರ ದಶಕದ ಕೊನೆಗೆ ಮತ್ತೆ ಚೀನಾಕ್ಕೆ ಹೋಗಿ ಅಕ್ಯುಪಂಕ್ಚರ್ ಕಲಿತು ಬಂದು ಕಲ್ಕತ್ತೆಯಲ್ಲಿ ಶುರು ಮಾಡಿದರು. ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದು ಹೀಗೆ. ಅಜ್ಜ ಕಥೆ ಪೂರ್ತಿ ಕೇಳಿ, ಟೋಪಿ ತೆಗೆದು ಕಿವಿ ಮುಂದೆ ಮಾಡಿದರು.

ಚಟ ಬಿಡಿಸಲು ಕಿವಿಸೂಜಿ ಬಳಸಿದ್ದು ಆಮೇಲಿನ ಮಾತು. 1972ರ ಸುಮಾರಿಗೆ ಹಾಂಗ್‌ಕಾಂಗ್‌ನಲ್ಲಿ ವೆನ್ ಎಂಬ ನರಶಸ್ತ್ರ ವೈದ್ಯರು ನೋವು ತಗ್ಗಿಸಲು ಸೂಜಿ ಹಾಕುತ್ತಿದ್ದರು. ಅಫೀಮಿನ ಚಟ ಇದ್ದ ರೋಗಿಗಳಲ್ಲಿ ಅಫೀಮು ಬಿಟ್ಟಾಗಿನ ಸಂಕಟವೂ ಇಳಿದದ್ದು ಅವರ ಕಣ್ಣಿಗೆ ಬಿತ್ತು. ನಂತರ ನ್ಯೂಯಾರ್ಕ್‌ನ ಲಿಂಕನ್ ಆಸ್ಪತ್ರೆಯಲ್ಲಿ ಇದನ್ನೇ ಬೆಳೆಸಿ, ಕಿವಿಯ ಐದು ಬಿಂದುಗಳ ಒಂದು ಪದ್ಧತಿ ಮಾಡಿದರು. 1985ರಲ್ಲಿ ಅದಕ್ಕಾಗಿ ನಾಡಾ ಎಂಬ ಸಂಸ್ಥೆಯೂ ಹುಟ್ಟಿತು. ಇವತ್ತು ನಾನು ಹಾಕುವುದೂ ಆ ಐದೇ ಬಿಂದು.

ಯಾರ ಹತ್ತಿರ ಹೋಗಬೇಕು

2019ರಲ್ಲಿ ಕೇಂದ್ರ ಸರ್ಕಾರ ಅಕ್ಯುಪಂಕ್ಚರನ್ನು ಪ್ರತ್ಯೇಕ ಚಿಕಿತ್ಸಾ ಪದ್ಧತಿ ಅಂತ ಒಪ್ಪಿಕೊಂಡಿದೆ. ಹಾಗಂತ ಬೋರ್ಡ್ ಹಾಕಿದವರೆಲ್ಲ ಕಲಿತವರು ಅಂತಲ್ಲ. ಒಳಗೆ ಹೋದ ಕೂಡಲೇ ಸಂಕೋಚ ಬಿಟ್ಟು ಕೇಳಿ: ಏನು ಓದಿದ್ದೀರಿ, ಎಲ್ಲಿ ಕಲಿತಿರಿ, ಕ್ಲಿನಿಕ್‌ಗೆ ನೋಂದಣಿ ಇದೆಯಾ? ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್ ನಡೆಸಲು ಕೆಪಿಎಂಇ, ಅಂದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಬೇಕೇ ಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಆಮೇಲೆ ಸೂಜಿ ನೋಡಿ. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಹರಿಯಬೇಕು. ತೆಗೆದ ಸೂಜಿ ನೇರ ಬಿಳಿ ಗಟ್ಟಿ ಡಬ್ಬಿಗೆ ಬೀಳಬೇಕು. ಬಿಸಿನೀರಲ್ಲಿ ತೊಳೆದು ಮತ್ತೆ ಬಳಸುತ್ತೇವೆ, ಸ್ಪಿರಿಟ್‌ನಲ್ಲಿ ಅದ್ದಿಟ್ಟಿದ್ದೇವೆ ಅಂದರೆ ಎದ್ದು ಬನ್ನಿ. ಸೂಜಿಯಿಂದ ಹೆಪಟೈಟಿಸ್, ಎಚ್‌ಐವಿ ದಾಟಬಹುದು. ಇದರಲ್ಲಿ ಮುಲಾಜು ಬೇಡ.

“ಗ್ಯಾರಂಟಿ” ಅನ್ನುವವರಿಂದ ದೂರ ಇರಿ. ಒಂದೇ ಸಲಕ್ಕೆ ಬಿಡಿಸುತ್ತೇವೆ, ಇಪ್ಪತ್ತು ಸಲದ ಹಣ ಈಗಲೇ ಕಟ್ಟಿ ಅನ್ನುವವರೂ ಇದ್ದಾರೆ. ಒಂದೊಂದು ಸಲಕ್ಕೆ ಎಷ್ಟು, ಒಟ್ಟು ಎಷ್ಟು ಸಲ ಅಂತ ಮೊದಲೇ ಕೇಳಿಕೊಂಡು ಆಯಾ ದಿನದ್ದು ಆಯಾ ದಿನ ಕೊಡಿ. ಕೂಲಿ ಮಾಡಿ ತಂದ ದುಡ್ಡು ಅದು.

ಕೆಲವರು ಸೂಜಿಗೆ ಮೊದಲು ಬೇರೆ ವೈದ್ಯರನ್ನು ನೋಡಬೇಕು. ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುವವರು, ರಕ್ತ ಬೇಗ ನಿಲ್ಲದವರು, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರು ಅದನ್ನು ಮೊದಲೇ ಹೇಳಿ. ಕಿವಿಯ ಮೃದು ಎಲುಬಿಗೆ ಸೋಂಕಾದರೆ ವಾಸಿಯಾಗಲು ಬಹಳ ದಿನ ಬೇಕು. ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರು ಸೂಜಿಗೆ ಕರೆಂಟ್ ಕೊಡುವ ಯಂತ್ರ ಒಪ್ಪಬೇಡಿ. ಗರ್ಭಿಣಿಯರಿಗೆ ಕೆಲವು ಬಿಂದುಗಳನ್ನು ಹಾಕುವುದಿಲ್ಲ, ಆದ್ದರಿಂದ ಬಸುರಿ ಅಂತ ಗೊತ್ತಿದ್ದರೆ ಹೇಳಲೇಬೇಕು. ಕಫದಲ್ಲಿ ರಕ್ತ, ಬಹಳ ದಿನದ ಕೆಮ್ಮು, ಧ್ವನಿ ಒಡೆದಿರುವುದು, ಬಾಯಿಯಲ್ಲಿ ಮಾಯದ ಹುಣ್ಣು, ನಡೆದರೆ ಎದೆನೋವು ಇದ್ದರೆ ಸೂಜಿಯ ಮಾತು ಆಮೇಲೆ. ನಮ್ಮ ಊರಲ್ಲೇ ಸರ್ಕಾರಿ ಆಸ್ಪತ್ರೆ ಜಿಮ್ಸ್ ಇದೆ, ಹೃದಯಕ್ಕೆ ಜಯದೇವ ಇದೆ, ಕ್ಯಾನ್ಸರ್‌ಗೆ ಕಿದ್ವಾಯಿಯ ಕೇಂದ್ರ ಇದೆ. ಅಲ್ಲಿ ತೋರಿಸಿ ಬನ್ನಿ.

ದಿನ ಗೊತ್ತು ಮಾಡುವುದು

“ಇವತ್ತೇ ಬಿಟ್ಟೆ” ಅಂತ ಸಿಟ್ಟಿನಲ್ಲಿ ಕಟ್ಟು ಎಸೆದವರು ಸಂಜೆಗೆ ಹೊಸ ಕಟ್ಟು ಕೊಳ್ಳುವುದು ಜಾಸ್ತಿ. ಒಂದು ವಾರ ಸಮಯ ತೆಗೆದುಕೊಳ್ಳಿ. ಆ ವಾರ ಸೇದುವುದನ್ನು ಕಡಿಮೆ ಮಾಡಬೇಕಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿ, ಯಾರ ಜೊತೆ ಸೇದಿದೆ ಅಂತ ಜೇಬಿನ ಚೀಟಿಯಲ್ಲಿ ಬರೆದುಕೊಳ್ಳಿ ಸಾಕು. ಬರೆಯಲು ಬಾರದವರು ಮಕ್ಕಳ ಕೈಲಿ ಬರೆಸುತ್ತಾರೆ. ಆ ಚೀಟಿ ನನಗೆ ಎಕ್ಸ್‌ರೇಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಒಂದು ಬೇಳೆ ಮಿಲ್ಲಿನಲ್ಲಿ ತೂಕ ಬರೆಯುವ ಗುಮಾಸ್ತರೊಬ್ಬರ ಚೀಟಿ ನೆನಪಿದೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಅವರಿಗೆ ಅಷ್ಟು ಹಂಬಲ ಇರಲಿಲ್ಲ. ರೊಟ್ಟಿ ಊಟ ಮುಗಿಸಿ, ಡಬ್ಬಿ ಅಲ್ಲೇ ಬಿಟ್ಟು ಗೇಟಿನ ಹತ್ತಿರ ಹೋಗುತ್ತಿದ್ದರು. ಅಲ್ಲಿ ಹಮಾಲರ ಗುಂಪು, ಚಾ, ಒಂದಾದ ಮೇಲೊಂದು ಸಿಗರೇಟ್. ಆ ಇಪ್ಪತ್ತು ನಿಮಿಷವೇ ಅವರ ದಿನದ ದೊಡ್ಡ ಕಂಟಕ. ಆದ್ದರಿಂದ ಅವರಿಗೆ ಸೂಜಿಯ ಸಮಯವನ್ನು ಮಧ್ಯಾಹ್ನಕ್ಕೇ ಇಟ್ಟೆ. ಊಟವಾದ ತಕ್ಷಣ ಬೈಕ್ ಹತ್ತಿ ನನ್ನಲ್ಲಿಗೆ ಬರುತ್ತಿದ್ದರು. ಎರಡನೇ ವಾರ ಬರಲು ಆಗದ ದಿನ ತಮ್ಮ ಡಬ್ಬಿ ತಾವೇ ತೊಳೆದು, ಗೇಟಿನ ಕಡೆ ಹೋಗದೆ ಗೋದಾಮಿನ ಹಿಂದೆ ಅಡ್ಡಾಡುತ್ತಿದ್ದರು. ನಿಮ್ಮ ಚೀಟಿಯಲ್ಲೂ ಇಂಥ ಒಂದು ಹೊತ್ತು ಸಿಗುತ್ತದೆ. ಸೂಜಿಗೆ ಆ ಹೊತ್ತನ್ನೇ ಕೇಳಿ.

ಬಿಡುವ ದಿನ ಮಂಗಳವಾರ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಕಾರಣ ಇಷ್ಟೇ. ಸರ್ಕಾರದ ತಂಬಾಕು ಬಿಡಿಸುವ ಸಹಾಯವಾಣಿ 1800-11-2356ಕ್ಕೆ ಸೋಮವಾರ ರಜೆ. ಮಂಗಳವಾರ ಶುರು ಮಾಡಿದರೆ ಕಷ್ಟದ ಮೊದಲ ದಿನಗಳೆಲ್ಲ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತಾಡಲು ಜನ ಸಿಗುತ್ತಾರೆ. ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇರುವುದರಿಂದ ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಮದುವೆ ಇದ್ದಾಗ, ಶರಣಬಸವೇಶ್ವರ ಜಾತ್ರೆಯ ವಾರದಲ್ಲಿ, ತೊಗರಿ ರಾಶಿಯ ಗಡಿಬಿಡಿಯಲ್ಲಿ ಶುರು ಮಾಡಬೇಡಿ. ನಿದ್ದೆ ಇಲ್ಲದ, ನೆಂಟರು ತುಂಬಿದ ದಿನಗಳಲ್ಲಿ ಯಾರಾದರೊಬ್ಬರು “ತಗೋ ಮಾಮಾ” ಅಂತ ಕೈ ಚಾಚಿಯೇ ಚಾಚುತ್ತಾರೆ.

ಹಿಂದಿನ ರಾತ್ರಿ ಜೇಬು, ಬೈಕಿನ ಡಿಕ್ಕಿ, ಅಂಗಡಿಯ ಗಲ್ಲಾ, ದೇವರ ಜಗುಲಿಯ ಹಿಂದೆ ಎಲ್ಲೆಲ್ಲಿ ಬೀಡಿ, ಬೆಂಕಿಪೆಟ್ಟಿಗೆ ಇದೆಯೋ ಎಲ್ಲ ತೆಗೆದು ನೀರಿಗೆ ಹಾಕಿ. ಸುಮ್ನೆ ಕಸದ ಬುಟ್ಟಿಗೆ ಹಾಕಿದರೆ ಮತ್ತೆ ಕೈ ಹೋಗುತ್ತದೆ.

ಸೂಜಿ ಹಾಕುವಾಗ

ಹಸಿದು ಬರಬೇಡಿ. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿದರೆ ಕೆಲವರಿಗೆ ತಲೆ ಸುತ್ತಿ ಬವಳಿ ಬರುತ್ತದೆ. ಒಂದು ರೊಟ್ಟಿಯಾದರೂ ತಿಂದು, ನೀರು ಕುಡಿದು ಬನ್ನಿ. ಬೇಸಿಗೆಯಲ್ಲಿ ನಮ್ಮೂರ ಬಿಸಿಲಿಗೆ ಬಂದವರನ್ನು ಕೂಡಲೇ ಸೂಜಿಗೆ ಕೂರಿಸುವುದಿಲ್ಲ. ಹತ್ತು ನಿಮಿಷ ಫ್ಯಾನ್ ಕೆಳಗೆ ಬೆವರು ಆರಲಿ.

ಕಿವಿಗೆ ಹಾಕುವ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಒಳಗೆ ಟೊಳ್ಳು ಇಲ್ಲ, ಔಷಧಿಯೂ ಇಲ್ಲ. ಕೂದಲಿಗಿಂತ ತುಸು ದಪ್ಪ ಅಷ್ಟೇ. ಸ್ಪಿರಿಟ್ ಹತ್ತಿಯಿಂದ ಇಡೀ ಕಿವಿ ಒರೆಸಿ ಆರಲು ಬಿಡುತ್ತೇನೆ. ಮೊದಲ ಸೂಜಿ ಕಿವಿಯ ಮೇಲಿನ ಮಡಿಕೆಯ ಒಳಗೆ ಅಡಗಿರುವ ಬಿಂದುವಿಗೆ, ಅದರ ಹೆಸರು ಸಿಂಪಥೆಟಿಕ್. ಎರಡನೆಯದು ಕಿವಿಯ ಮೇಲ್ಭಾಗದಲ್ಲಿ ಕಾಣುವ ಮೂರು ಮೂಲೆಯ ತಗ್ಗಿನಲ್ಲಿ, ಅದು ಶೆನ್‌ಮೆನ್. ಹೆಚ್ಚಿನವರು “ಹಾಂ, ಈಗ ಸ್ವಲ್ಪ ಹಗುರಾತ್ರಿ” ಅನ್ನುವುದು ಇಲ್ಲಿಯೇ. ಆಮೇಲೆ ಕಿವಿಯ ನಡುವಿನ ಬಟ್ಟಲಿನ ಮೇಲ್ಭಾಗದಲ್ಲಿ ಮೂತ್ರಪಿಂಡದ ಬಿಂದು, ಅದರ ಹೊರ ಅಂಚಿಗೆ ಯಕೃತ್ತಿನದು. ಕೊನೆಯದು ಕೆಳಗಿನ ಬಟ್ಟಲಿನಲ್ಲಿ, ಶ್ವಾಸಕೋಶದ ಬಿಂದು. ಇವು ಹಳೆಯ ಚೀನೀ ಲೆಕ್ಕದ ಹೆಸರುಗಳು. ಸೂಜಿ ನಿಮ್ಮ ಲಿವರ್, ಕಿಡ್ನಿಯ ಹತ್ತಿರ ಎಲ್ಲೂ ಹೋಗುವುದಿಲ್ಲ.

ಚುಚ್ಚುವಾಗ ಚುಳುಕ್ ಅನ್ನುತ್ತದೆ, ಕೆಳಗಿನ ಬಟ್ಟಲಿನಲ್ಲಿ ಸ್ವಲ್ಪ ಜಾಸ್ತಿ. ಅರ್ಧ ನಿಮಿಷದಲ್ಲಿ ಅದು ಹೋಗಿ ಕಿವಿ ಬೆಚ್ಚಗಾಗುತ್ತದೆ, ಭಾರ ಅನ್ನಿಸುತ್ತದೆ. ಅದು ಸರಿಯೇ. ಉರಿ, ಕಿತ್ತುಹೋಗುವಂಥ ನೋವು ಇದ್ದರೆ ತಡೆದುಕೊಂಡು ಕೂರಬೇಡಿ, ಹೇಳಿ. ಸೂಜಿಯನ್ನು ಕೂದಲೆಳೆಯಷ್ಟು ಸರಿಸಿದರೂ ಸಾಕಾಗುತ್ತದೆ. ಎರಡೂ ಕಿವಿಗೆ ಹಾಕಿ 30ರಿಂದ 45 ನಿಮಿಷ ಹಾಗೇ ಬಿಡುತ್ತೇನೆ.

ಆ ಹೊತ್ತಿನಲ್ಲಿ ಮೊಬೈಲ್ ಬೇಡ. ಇದು ನನ್ನ ಕ್ಲಿನಿಕ್‌ನ ಗಟ್ಟಿ ನಿಯಮ. ಬೀಡಿ ಸೇದುವವರಿಗೆ ಕೈ ಖಾಲಿ ಇಟ್ಟುಕೊಂಡು ಸುಮ್ನೆ ಕೂತ ಅಭ್ಯಾಸವೇ ತಪ್ಪಿರುತ್ತದೆ. ಕೈ ಖಾಲಿ, ಬಾಯಿ ಖಾಲಿ, ಆದರೂ ಏನೂ ಆಗಲಿಲ್ಲ ಅಂತ ಮೈಗೆ ಗೊತ್ತಾಗಬೇಕು. ಐದಾರು ಜನ ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು, ಲಿಂಕನ್ ಆಸ್ಪತ್ರೆಯಲ್ಲೂ ಗುಂಪಾಗಿಯೇ ಕೂರಿಸುತ್ತಿದ್ದರು. ಹಮಾಲರು, ಬ್ಯಾಂಕಿನವರು ಒಂದೇ ಸಾಲಿನಲ್ಲಿ ಕಿವಿಗೆ ಸೂಜಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕೂತಿರುವುದನ್ನು ನೋಡಿದರೆ ನನಗೆ ಈ ಕೆಲಸದ ಮೇಲೆ ಪ್ರೀತಿ ಹೆಚ್ಚಾಗುತ್ತದೆ.

ತೆಗೆಯುವಾಗ ಒಂದೆರಡು ಕಡೆ ಹನಿ ರಕ್ತ ಬರಬಹುದು. ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ. ಎದ್ದ ಕೂಡಲೇ ಬೈಕ್ ಹತ್ತಬೇಡಿ, ಐದು ನಿಮಿಷ ಕೂತು ಹೋಗಿ. ಮರುದಿನ ಕಿವಿ ಕೆಂಪಾಗಿ ಊದಿ ಬಿಸಿಯಾಗಿದ್ದರೆ ಅವತ್ತೇ ತೋರಿಸಿ.

ನಾನು ಹಾಕುವ ಲೆಕ್ಕ ಹೀಗೆ: ಬಿಟ್ಟ ದಿನದಿಂದ ಮೊದಲ ನಾಲ್ಕೈದು ದಿನ ದಿನಾಲೂ, ಆಮೇಲೆ ಎರಡನೇ ವಾರ ದಿನ ಬಿಟ್ಟು ದಿನ, ನಂತರ ವಾರಕ್ಕೊಮ್ಮೆಯಂತೆ ಒಂದು ತಿಂಗಳು. ಮೊದಲ ವಾರದಲ್ಲಿ ವಾರಕ್ಕೊಮ್ಮೆ ಬರುತ್ತೇನೆ ಅಂದರೆ ನಾನು ಒಪ್ಪುವುದಿಲ್ಲ. ಕಷ್ಟ ಇರುವುದೇ ಆ ದಿನಗಳಲ್ಲಿ, ಅಲ್ವಾ?

ಮನೆಗೆ ಕಳಿಸುವ ಬೀಜ

ಸೂಜಿ ತೆಗೆದ ಮೇಲೆ ಶೆನ್‌ಮೆನ್ ಮತ್ತು ಶ್ವಾಸಕೋಶದ ಬಿಂದುವಿನ ಮೇಲೆ ಸಾಸಿವೆ ಗಾತ್ರದ ಒಂದು ಬೀಜವನ್ನು ಪಟ್ಟಿ ಹಾಕಿ ಅಂಟಿಸುತ್ತೇನೆ. ಚುಚ್ಚುವುದಿಲ್ಲ, ಚರ್ಮದ ಮೇಲೆ ಕೂತಿರುತ್ತದೆ. ಸೇದಬೇಕು ಅನ್ನಿಸಿದಾಗ ಬೆರಳಲ್ಲಿ ಅದನ್ನು ಒತ್ತಿ ಹಿಡಿಯಿರಿ. ಉಜ್ಜಬೇಡಿ, ಚರ್ಮ ಸುಲಿಯುತ್ತದೆ. ಒಂದು ನಿಮಿಷ ಒಂದು ಕಿವಿ, ಇನ್ನೊಂದು ನಿಮಿಷ ಇನ್ನೊಂದು. ಜೊತೆಗೆ ಮೂಗಿನಿಂದ ಉಸಿರು ಎಳೆದು ಬಾಯಿಂದ ನಿಧಾನ ಬಿಡಿ. ಸೇದುವ ಹಂಬಲ ಒಮ್ಮೆ ಎದ್ದರೆ ಸಾಮಾನ್ಯವಾಗಿ ಮೂರರಿಂದ ಐದು ನಿಮಿಷದಲ್ಲಿ ಇಳಿಯುತ್ತದೆ. ಬೀಜ ಒತ್ತಿ, ಒಂದು ಲೋಟ ನೀರು ನಿಧಾನ ಕುಡಿಯುವಷ್ಟರಲ್ಲಿ ಅದು ದಾಟಿ ಹೋಗಿರುತ್ತದೆ.

ಚಳಿಗಾಲದಲ್ಲಿ ಪಟ್ಟಿ ನಾಲ್ಕೈದು ದಿನ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಬೆವರಿಗೆ ಎರಡೇ ದಿನ. ಕೆಳಗೆ ಒದ್ದೆ, ತುರಿಕೆ ಇದ್ದರೆ ತೆಗೆದುಬಿಡಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಉದುರಿದ ಬೀಜ ಮಗುವಿನ ಕೈಗೆ ಸಿಗದಂತೆ ನೋಡಿಕೊಳ್ಳಿ. ಬೀಜ ಇಲ್ಲದಿದ್ದರೂ ಬೆರಳ ತುದಿಯಿಂದ ಆ ಮೂರು ಮೂಲೆಯ ತಗ್ಗನ್ನು ಒತ್ತಬಹುದು. ಸೂಜಿಯನ್ನು ಮಾತ್ರ ಮನೆಯಲ್ಲಿ ಯಾರೂ ಹಾಕಿಕೊಳ್ಳಬಾರದು.

ಗಮ್, ಚಾ ಮತ್ತು ಗುಟ್ಕಾ

ನಿಕೋಟಿನ್ ಗಮ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. 2 ಮಿಲಿಗ್ರಾಂ, 4 ಮಿಲಿಗ್ರಾಂ ಎರಡು ಬಗೆ ಇವೆ. ಬೆಳಿಗ್ಗೆ ಎದ್ದು ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ದೊಡ್ಡದು ಬೇಕಾಗಬಹುದು. ಅದನ್ನು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ಬೀಡಿ ಸೇದುವವರು “ನಮ್ಮದು ಸಣ್ಣದು, ಎಲೆದು” ಅಂತ ಹಗುರ ಮಾಡಿ ಹೇಳುತ್ತಾರೆ. ಆದರೆ ತೂಬರೆ ಎಲೆಯ ಬೀಡಿ ಆರಿಹೋಗದಂತೆ ಮತ್ತೆ ಮತ್ತೆ ಎಳೆಯಬೇಕು, ಹಾಗಾಗಿ ಹೊಗೆ ಒಳಗೆ ಹೋಗುವುದು ಕಡಿಮೆಯೇನಲ್ಲ.

ಗಮ್ ಅಗಿಯುವ ರೀತಿ ಬಹಳ ಮಂದಿಗೆ ಗೊತ್ತಿಲ್ಲ. ಚೂಯಿಂಗ್ ಗಮ್ ತರಹ ಒಂದೇ ಸಮ ಅಗಿದು ಉಗುಳು ನುಂಗುತ್ತಾರೆ. ಬಿಕ್ಕಳಿಕೆ, ಹೊಟ್ಟೆ ತೊಳಸುವುದು ಶುರುವಾಗುತ್ತದೆ, “ನನಗ ಹೊಂದಲ್ರಿ” ಅಂತ ಎಸೆಯುತ್ತಾರೆ. ನಿಧಾನ ಅಗಿಯಿರಿ. ಬಾಯಿಗೆ ಖಾರ ಅನ್ನಿಸಿದ ಕೂಡಲೇ ನಿಲ್ಲಿಸಿ ಕೆನ್ನೆಯ ಒಳಗೆ ಒತ್ತಿ ಇಡಿ. ಖಾರ ಹೋದ ಮೇಲೆ ಮತ್ತೆ ಎರಡು ಸಲ ಅಗಿಯಿರಿ, ಮತ್ತೆ ಇಡಿ. ಹೀಗೆ ಅರ್ಧ ಗಂಟೆ. ಗಮ್ ಹಾಕುವ ಕಾಲು ಗಂಟೆ ಮೊದಲು ಮತ್ತು ಬಾಯಲ್ಲಿ ಇರುವಾಗ ಚಾ, ಸೋಡಾ, ನಿಂಬೆ ಶರಬತ್ತು ಬೇಡ. ಅವು ಬಾಯಲ್ಲಿದ್ದರೆ ನಿಕೋಟಿನ್ ಸರಿಯಾಗಿ ಒಳಗೆ ಇಳಿಯುವುದಿಲ್ಲ.

ಚಾ ವಿಷಯ ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಬೀಡಿ ಸೇದುವವರ ಮೈಯಲ್ಲಿ ಚಾದ ಕೆಫೀನ್ ಬೇಗ ಕರಗುತ್ತದೆ. ಬಿಟ್ಟ ಮೇಲೆ ಅದೇ ಚಾ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ. ಮೊದಲಿನಷ್ಟೇ ಕುಡಿದರೆ ಎದೆ ಡವಡವ, ನಿದ್ದೆ ಇಲ್ಲ, ಕೈ ನಡುಕ. ಬೀಡಿ ಬಿಟ್ಟದ್ದಕ್ಕೆ ಹೀಗಾಯಿತು ಅಂತ ಹೆದರಿ ಮತ್ತೆ ಹಚ್ಚುತ್ತಾರೆ. ಚಾ ಅರ್ಧಕ್ಕೆ ಇಳಿಸಿ. ಮಜ್ಜಿಗೆ ಕುಡಿಯಿರಿ. ಅಸ್ತಮಾ ಮಾತ್ರೆ ಥಿಯೋಫಿಲಿನ್ ಅಥವಾ ಮನಸ್ಸಿನ ಕಾಯಿಲೆಗೆ ಕ್ಲೋಜಪಿನ್ ತೆಗೆದುಕೊಳ್ಳುವವರು ಬೀಡಿ ಬಿಡುವ ಮೊದಲೇ ನಿಮ್ಮ ವೈದ್ಯರಿಗೆ ತಿಳಿಸಿ. ಆ ಔಷಧಿಗಳ ಪ್ರಮಾಣ ಬದಲಿಸಬೇಕಾಗಬಹುದು.

ನಮ್ಮ ಭಾಗದಲ್ಲಿ ನನಗೆ ತುಂಬ ಹೆದರಿಕೆ ತರುವುದು ಇನ್ನೊಂದು. ಸಿಗರೇಟ್ ಬಿಟ್ಟೆ ಅಂತ ಹೆಮ್ಮೆಯಿಂದ ಬರುತ್ತಾರೆ, ಕೆನ್ನೆಯಲ್ಲಿ ಗುಟ್ಕಾ ಇರುತ್ತದೆ. ಇಲ್ಲವೇ ಅಂಗೈಯಲ್ಲಿ ತಂಬಾಕು, ಸುಣ್ಣ ತಿಕ್ಕುತ್ತಿರುತ್ತಾರೆ. ಅದೂ ಅದೇ ನಿಕೋಟಿನ್, ಮೇಲೆ ಬಾಯಿ ಕ್ಯಾನ್ಸರ್. ಕರ್ನಾಟಕದಲ್ಲಿ 2013ರಿಂದ ಗುಟ್ಕಾ ನಿಷೇಧವಿದ್ದರೂ ಪಾನ್ ಮಸಾಲಾ ಒಂದು, ತಂಬಾಕು ಒಂದು, ಹೀಗೆ ಎರಡು ಪೊಟ್ಟಣ ಬೆರೆಸಿ ತಿನ್ನುವುದು ನಿಂತಿಲ್ಲ. ಬಾಯಿಗೆ ಏನಾದರೂ ಬೇಕೇ ಬೇಕು ಅಂದರೆ ಜೇಬಲ್ಲಿ ಬಡೆಸೋಪು, ಲವಂಗ, ಹುರಿದ ಶೇಂಗಾ ಇಟ್ಟುಕೊಳ್ಳಿ. ರಾತ್ರಿ ಗಾಡಿ ಓಡಿಸುವ ಡ್ರೈವರ್‌ಗಳಿಗೆ ಶೇಂಗಾ ಒಳ್ಳೆಯದು. ಒಂದೊಂದೇ ಬಿಡಿಸಿ ತಿನ್ನುವುದರಲ್ಲಿ ಬಾಯಿಗೂ ಬೆರಳಿಗೂ ಕೆಲಸ ಸಿಗುತ್ತದೆ. ಗಾಡಿ ನಿಂತಾಗ ಮಾತ್ರ.

ಮನೆಯವರಿಗೆ

ಒಬ್ಬ ಲಾರಿ ಡ್ರೈವರ್ ಮೂರನೇ ದಿನ ತಾಯಿಯನ್ನೂ ಕರೆದುಕೊಂಡು ಬಂದಿದ್ದ. ಆ ತಾಯಿ ಬಾಗಿಲಲ್ಲೇ ಹೇಳಿದರು, “ಇವನಿಗಿ ನಾನೇ ಹೇಳೀನ್ರಿ, ಸೇದೇ ಬಿಡಪಾ, ನಿನ್ನ ಸಿಟ್ಟು ನೋಡ್ಲಿಕ್ಕ ಆಗವಲ್ದು ಅಂತ.” ಅವರ ಕಣ್ಣಲ್ಲಿ ನೀರಿತ್ತು. ಎಷ್ಟೋ ಮನೆಯಲ್ಲಿ ಇದೇ ಆಗುತ್ತದೆ. ಸಂಕಟ ನೋಡಲಾರದೆ ಮನೆಯವರೇ ಬೀಡಿ ತಂದುಕೊಡುತ್ತಾರೆ. ಅದಕ್ಕೇ ಶುರು ಮಾಡುವ ಮೊದಲೇ ಹೆಂಡತಿ, ತಾಯಿ, ಮಗ ಯಾರಾದರೊಬ್ಬರು ಜೊತೆಗೆ ಬರಲಿ ಅನ್ನುತ್ತೇನೆ. ಎರಡನೇ, ಮೂರನೇ ದಿನ ಈ ಮನುಷ್ಯ ರೇಗುತ್ತಾನೆ, ತಟ್ಟೆ ದೂಡುತ್ತಾನೆ, ಅದು ನಿಕೋಟಿನ್ ಹೊರಗೆ ಹೋಗುತ್ತಿರುವುದರಿಂದ ಅಂತ ಮೊದಲೇ ಗೊತ್ತಿದ್ದರೆ ಅವರು ಗಟ್ಟಿಯಾಗಿರುತ್ತಾರೆ. ಆ ಮೂರು ದಿನ ಸಾಲದ ಮಾತು, ಹೊಲದ ಪಾಲಿನ ಮಾತು ತೆಗೆಯಬೇಡಿ. “ಇನ್ನೂ ಬಿಟ್ಟಿಲ್ಲೇನು?” ಅಂತ ಮೂಗು ಹತ್ತಿರ ತಂದು ವಾಸನೆ ನೋಡಬೇಡಿ. ಊಟವಾದ ಮೇಲೆ ಜೊತೆಗೆ ಒಂದು ಸುತ್ತು ನಡೆಯಿರಿ. ಅಪ್ಪನ ಕೆರೆಯ ಹತ್ತಿರ ಇರುವವರು ಸಂಜೆ ಅಲ್ಲಿಗೆ ಹೋಗಬಹುದು. ಆದರೆ ಸಿಟ್ಟು ಅಂತ ಕೈ ಎತ್ತಿದರೆ ಸಹಿಸಬೇಕಿಲ್ಲ. ಬೀಡಿ ಬಿಡುವುದು ಅದಕ್ಕೆ ನೆಪ ಆಗಬಾರದು.

ಮತ್ತೆ ಸೇದಿದರೆ

ಒಂದು ಬೀಡಿ ಸೇದಿದವರು ನಾಚಿಕೆಯಿಂದ ಬರುವುದನ್ನೇ ಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅವತ್ತು ಬರುವುದು ಬೇರೆ ದಿನಗಳಿಗಿಂತ ಮುಖ್ಯ. ಯಾವಾಗ, ಯಾರ ಜೊತೆ, ಯಾಕೆ ಅಂತ ಹೇಳಿದರೆ ಸೂಜಿಯ ಸಮಯ ಬದಲಿಸಬಹುದು, ಗಮ್ ಹೆಚ್ಚಿಸಬಹುದು. ನಾನು ಬೈಯುವುದಿಲ್ಲ, ಯಾವ ಒಳ್ಳೆಯ ವೈದ್ಯರೂ ಬೈಯುವುದಿಲ್ಲ. ಒಂದು ಸೇದಿದ್ದಕ್ಕೆ ಕಟ್ಟು ಕೊಳ್ಳಬೇಕಿಲ್ಲ, ಅಲ್ಲಿಂದಲೇ ಮುಂದುವರಿಸಿ.

ಬಿಟ್ಟ ಮೊದಲ ವಾರಗಳಲ್ಲಿ ಕೆಮ್ಮು, ಕಫ ಹೆಚ್ಚಾಗಬಹುದು. ಶ್ವಾಸನಾಳದ ಸಣ್ಣ ಕೂದಲುಗಳು ಮತ್ತೆ ಕೆಲಸ ಶುರು ಮಾಡಿ ಒಳಗಿನ ಹೊಲಸು ಹೊರಗೆ ದೂಡುತ್ತವೆ. “ಬಿಟ್ಟ ಮ್ಯಾಲೆ ಕೆಮ್ಮು ಜಾಸ್ತಿ ಆಗ್ಯದ್ರಿ” ಅಂತ ಹೆದರಿ ಮತ್ತೆ ಹಚ್ಚಬೇಡಿ. ಬಿಟ್ಟು ಒಂದು ವರ್ಷ ಕಳೆದರೆ ಹೃದಯಾಘಾತದ ಅಪಾಯ ಸೇದುವವರ ಅರ್ಧದಷ್ಟಕ್ಕೆ ಬರುತ್ತದೆ. ಹತ್ತು ವರ್ಷಕ್ಕೆ ಶ್ವಾಸಕೋಶದ ಕ್ಯಾನ್ಸರ್‌ನಿಂದ ಸಾಯುವ ಅಪಾಯವೂ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಎರಡು ವಾರ ಸೂಜಿ ಹಾಕಿಸಿಕೊಂಡರೂ ಹಂಬಲ ಒಂದಿಷ್ಟೂ ತಗ್ಗದಿದ್ದರೆ ಇನ್ನಷ್ಟು ಸೂಜಿಗೆ ದುಡ್ಡು ಸುರಿಯಬೇಡಿ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳಿವೆ, ವೈದ್ಯರು ನೋಡಿ ಬರೆದುಕೊಡಬೇಕು. ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡ ಅನ್ನಿಸಿದರೆ ಕಾಯಬೇಡಿ, ಅವತ್ತೇ ಮನೋವೈದ್ಯರ ಹತ್ತಿರ ಹೋಗಿ.

ದೂರದ ಊರಿನವರಿಗೆ

ಆಳಂದ, ಚಿಂಚೋಳಿ, ಸೇಡಂ ಕಡೆಯಿಂದ ದಿನಾಲೂ ಬಸ್ಸಿಗೆ ಬಂದು ಹೋಗುವುದು ಕೂಲಿ ಮಾಡುವವರಿಗೆ ಆಗುವುದಿಲ್ಲ. ಅಂಥವರಿಗೆ ನಾನು ಹೇಳುವುದು ಇದು. ಕಲಬುರಗಿಯಲ್ಲಿ ನೆಂಟರಿದ್ದರೆ ಮಂಗಳವಾರದಿಂದ ಗುರುವಾರದವರೆಗೆ ಇಲ್ಲೇ ಉಳಿದು ಮೂರು ದಿನ ಸೂಜಿ ಹಾಕಿಸಿಕೊಳ್ಳಿ. ಬೀಜ ಒತ್ತುವುದನ್ನು ನನ್ನೆದುರೇ ಮಾಡಿ ತೋರಿಸಿ, ಜೊತೆಗೆ ಬಂದವರಿಗೂ ಪಟ್ಟಿ ಬದಲಿಸಲು ಕಲಿಸುತ್ತೇನೆ. ಗಮ್ ಎರಡು ವಾರಕ್ಕೆ ಸಾಕಾಗುವಷ್ಟು ಇಲ್ಲೇ ಕೊಂಡು ಹೋಗಿ, ಹಳ್ಳಿಯ ಅಂಗಡಿಯಲ್ಲಿ ಸಿಗದೇ ಹೋಗಬಹುದು. ಊರಿಗೆ ಹೋದ ಮೇಲೆ ಸಂಜೆ ಹೊತ್ತು 1800-11-2356ಕ್ಕೆ ಫೋನ್ ಮಾಡಿ. 011-22901701ಕ್ಕೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಬಿಡಲು ನೆರವಾಗುವ ಎಸ್‌ಎಂಎಸ್ ಬರುತ್ತವೆ, ಓದಲು ಬಾರದಿದ್ದರೆ ಮಕ್ಕಳು ಓದಿ ಹೇಳಲಿ. ಸೂಜಿ ಇಲ್ಲದೆ ಇವಿಷ್ಟರಿಂದಲೇ ಬಿಟ್ಟವರೂ ಬಹಳ ಮಂದಿ ಇದ್ದಾರೆ. ಹಾಗಾಗಿ ಬಸ್ಸಿನ ದುಡ್ಡು ಹೊಂದಲಿಲ್ಲ ಅಂತ ಬಿಡುವ ದಿನ ಮುಂದೆ ಹಾಕಬೇಡಿ, ಬರುವ ಮಂಗಳವಾರವೇ ಶುರು ಮಾಡಿ.